ಕತ್ತಿಯ ಅಲಗನ್ನು ಮಕ್ಕಳಿಗೂ ತೋರಿಸಿ
ಸಾಗರ, ಹೊಸನಗರ, ತೀರ್ಥಹಳ್ಳಿಯ ಪೋಷಕರಿಗೆ ಒಂದು ಬಹಿರಂಗ ಪತ್ರ



ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಶಾಲೆಗೆ ಯಾವತ್ತು ರಜೆ ಎಂಬುದು ಹಿಂದಿನ ರಾತ್ರಿಯವರೆಗೂ ತಿಳಿಯುವುದಿಲ್ಲ. ಹಳ್ಳ ಉಕ್ಕಿ ಕಾಲುಸಂಕ ಮುಳುಗುತ್ತದೆ, ಮರ ಬಿದ್ದು ದಾರಿ ಬಂದಾಗುತ್ತದೆ, ತಾಲ್ಲೂಕಿಗೆಲ್ಲ ರಜೆ ಘೋಷಣೆಯಾಗುತ್ತದೆ. ಕರೆಂಟು ಹೋದರೆ ಬರುವುದು ಯಾವಾಗಲೋ. ಮೊಬೈಲಿನ ಚಾರ್ಜು ಮಧ್ಯಾಹ್ನದೊಳಗೆ ಮುಗಿದಿರುತ್ತದೆ. ಆಮೇಲೆ ಮಕ್ಕಳು ಜಗಲಿಗೂ ಅಡುಗೆಮನೆಗೂ ಓಡಾಡುತ್ತ ‘ಏನು ಮಾಡೋದು ಈಗ’ ಎಂದು ಪ್ರಾಣ ತಿನ್ನುತ್ತಾರೆ. ಬೇಸಿಗೆಯ ರಜೆಯಲ್ಲಾದರೂ ಕಾಡು-ಗುಡ್ಡ ಸುತ್ತಲಿ ಎಂದರೆ ಮಂಗನ ಕಾಯಿಲೆಯ ಉಣುಗಿನ ಭಯ. ಅರಳಗೋಡಿನ ಸುತ್ತ 2019ರ ಆರಂಭದಲ್ಲಿ ಈ ಕಾಯಿಲೆ ಹರಡಿ ಆದದ್ದನ್ನು ಸಾಗರದವರು ಮರೆತಿಲ್ಲ. ಹಾಗಾಗಿ ನಮ್ಮ ಮಕ್ಕಳು ವರ್ಷದಲ್ಲಿ ಬಹಳ ದಿನ ಮನೆಯೊಳಗೇ ಉಳಿಯುತ್ತಾರೆ. ಆ ದಿನಗಳಲ್ಲಿ ಅವರು ಮನೆಯಲ್ಲೇ ಮಾಡಬಹುದಾದ ವಿಜ್ಞಾನದ ಪ್ರಯೋಗಗಳ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕೆಂದು ಈ ಪತ್ರ.

ಪ್ರಯೋಗ ಎಂದಕೂಡಲೇ ಗಾಜಿನ ನಳಿಗೆ, ಆಸಿಡ್ಡು, ಪೇಟೆಯಿಂದ ತರುವ ಕಿಟ್ಟು ನೆನಪಾಗುವುದು ಸಹಜ. ನಾನು ಕೇಳುತ್ತಿರುವುದು ಅದನ್ನಲ್ಲ. ನೀವು ಈಗಾಗಲೇ ತೋಟದಲ್ಲಿ, ಅಂಗಳದಲ್ಲಿ, ಒಲೆಯ ಮುಂದೆ ಮಾಡುತ್ತಿರುವ ಕೆಲವು ಕೆಲಸಗಳು ಒಳ್ಳೆಯ ರಸಾಯನ ವಿಜ್ಞಾನವೇ ಆಗಿವೆ. ಆ ಹೊತ್ತಿನಲ್ಲಿ ಮಗುವನ್ನು ‘ಅಡ್ಡ ಬರಬೇಡ, ಒಳಗೆ ಹೋಗು’ ಎಂದು ಕಳಿಸಬೇಡಿ, ಹತ್ತಿರ ಕರೆಯಿರಿ ಎಂಬುದಷ್ಟೇ ನನ್ನ ಕೋರಿಕೆ.

ಔಷಧಿ ಹೊಡೆಯುವ ದಿನದಿಂದಲೇ ಶುರು ಮಾಡೋಣ. ಅಡಿಕೆ ತೋಟ ಇರುವ ಮನೆಯಲ್ಲಿ ಬೋರ್ಡೋ ದ್ರಾವಣ ಮಾಡುವ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿದಾಗ ತಿಳಿನೀಲಿ ಬಣ್ಣದ ಗಟ್ಟಿ ದ್ರಾವಣ ಆಗುತ್ತದೆ. ಆಮೇಲೆ ಹಿರಿಯರು ಒಂದು ಕೆಲಸ ಮಾಡುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು, ಮೇಲೆತ್ತಿ ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಛಾಯೆ ಹತ್ತಿದ್ದರೆ ‘ಸುಣ್ಣ ಸಾಲಲಿಲ್ಲ’ ಎನ್ನುತ್ತಾರೆ. ಮತ್ತೆ ಸುಣ್ಣದ ತಿಳಿ ಹಾಕಿ ಕಲಕಿ, ಕತ್ತಿಯನ್ನು ಉಜ್ಜಿ ತೊಳೆದು, ಪುನಃ ಅದ್ದುತ್ತಾರೆ. ಅಲಗು ಬೆಳ್ಳಗೇ ಉಳಿದ ಮೇಲೆಯೇ ದ್ರಾವಣ ಮರ ಹತ್ತುವುದು.

ಆ ಕೆಂಪು ತುಕ್ಕಲ್ಲ, ತಾಮ್ರ. ಮೈಲುತುತ್ತದ ನೀರಿನಲ್ಲಿ ಕರಗಿದ ತಾಮ್ರ ಇದೆ. ಸಾಕಷ್ಟು ಸುಣ್ಣ ಸಿಕ್ಕಿದರೆ ಅದು ಸುಣ್ಣದೊಂದಿಗೆ ಕೂಡಿ ಕರಗದ ಕಣವಾಗುತ್ತದೆ. ಸುಣ್ಣ ಕಡಿಮೆಯಾದರೆ ಒಂದಷ್ಟು ತಾಮ್ರ ನೀರಿನಲ್ಲೇ ಉಳಿಯುತ್ತದೆ. ಕತ್ತಿ ಅದ್ದಿದಾಗ ಅಲಗಿನ ಕಬ್ಬಿಣ ಸ್ವಲ್ಪ ಕರಗಿ ನೀರಿಗಿಳಿಯುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಅಂಥ ದ್ರಾವಣ ಹೊಡೆದರೆ ಎಳೆಯ ಕಾಯಿಗೂ ಎಲೆಗೂ ಸುಟ್ಟ ಕಲೆ ಬೀಳುತ್ತದೆ. ಹೈಸ್ಕೂಲಿನ ಪುಸ್ತಕದಲ್ಲಿ ‘ಸ್ಥಾನಪಲ್ಲಟ ಕ್ರಿಯೆ’ ಎಂಬ ಪಾಠ ಬರುತ್ತದೆ, ಕಬ್ಬಿಣದ ಮೊಳೆ ಮತ್ತು ತಾಮ್ರದ ಸಲ್ಫೇಟಿನ ಚಿತ್ರದೊಂದಿಗೆ. ಮಲೆನಾಡಿನ ಮಗು ಆ ಚಿತ್ರವನ್ನು ಬಾಯಿಪಾಠ ಮಾಡುತ್ತದೆ, ಆದರೆ ಅದೇ ಕ್ರಿಯೆ ಪ್ರತಿ ಮಳೆಗಾಲ ತನ್ನ ಮನೆಯ ಅಂಗಳದಲ್ಲಿ ನಡೆಯುತ್ತದೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಈ ಸಲ ಮಗುವನ್ನು ಎರಡು ಮಾರು ದೂರದಲ್ಲಿ ನಿಲ್ಲಿಸಿಕೊಳ್ಳಿ. ಕತ್ತಿ ಅದ್ದುವ ಮೊದಲು ‘ಏನಾಗಬಹುದು ಹೇಳು’ ಎಂದು ಕೇಳಿ. ಉತ್ತರ ತಪ್ಪಿದರೂ ತಿದ್ದಬೇಡಿ, ಕತ್ತಿ ಮೇಲೆ ಬಂದಾಗ ಅದೇ ನೋಡಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ: ಈ ದ್ರಾವಣವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಯಾಕೆ ಮಾಡುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಯಾಕೆ ಬೇಕು? ಕತ್ತಿಯನ್ನು ಸರಿಯಾಗಿ ನೋಡಿದ ಮಗು ಇದಕ್ಕೆ ಉತ್ತರ ತಾನೇ ಹುಡುಕುತ್ತದೆ. ಮೈಲುತುತ್ತ ವಿಷ ಎಂಬುದನ್ನೂ ಆಗಲೇ ಹೇಳಿ. ಮಗು ಅದನ್ನು ಮುಟ್ಟುವುದು ಬೇಡ, ನೋಡುವುದು, ಕೇಳುವುದು, ಬರೆದಿಡುವುದು ಮಾತ್ರ.

ಈ ದ್ರಾವಣದ ಹಿಂದೆ ಹೇಳಲೇಬೇಕಾದ ಕಥೆಯೊಂದಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಂತೆ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜುರೋಗ ಬಂದಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದರು. ಪ್ರಯೋಗ ಮಾಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ನಮ್ಮ ಅಡಿಕೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಮಲೆನಾಡಿನ ಕೊಳೆರೋಗದ ಬೆನ್ನುಹತ್ತಿದರು. ನೀರಿನಲ್ಲಿ ಈಜಿ ಹರಡಬಲ್ಲ ಒಂದು ಸೂಕ್ಷ್ಮಜೀವಿ ಈ ರೋಗಕ್ಕೆ ಕಾರಣ. ಅದಕ್ಕೇ ಎಡೆಬಿಡದ ಮಳೆಯಲ್ಲಿ ರೋಗ ತೋಟದಿಂದ ತೋಟಕ್ಕೆ ಓಡುತ್ತದೆ. ಕೋಲ್ಮನ್ ಬರುವುದಕ್ಕೂ ಮುಂಚೆ ನಮ್ಮವರಿಗೆ ಇದ್ದ ಉಪಾಯ ಅಡಿಕೆಯ ಕೊನೆಗೆ ಕೊಟ್ಟೆ ಕಟ್ಟುವುದು. ಕೊನೆ ನೆನೆಯದಿದ್ದರೆ ಕೊಳೆ ಹತ್ತುವುದಿಲ್ಲ ಎಂಬ ಆ ತಿಳಿವಳಿಕೆಯೂ ನೋಡಿ ನೋಡಿ ಕಲಿತದ್ದೇ. ಮಕ್ಕಳಿಗೆ ಎರಡೂ ಕಥೆ ಗೊತ್ತಾಗಲಿ.

ಇನ್ನು ಚೊಗರು. ಅಡಿಕೆ ಬೇಯಿಸುವ ಮನೆಯಲ್ಲಿ ಹಂಡೆಯ ತಳದಲ್ಲಿ ಉಳಿಯುವ ಈ ಕೆಂಗಂದು ರಸ ಮಕ್ಕಳಿಗೆ ಅಂಗಿ ಹಾಳುಮಾಡುವ ವಸ್ತುವಾಗಿ ಮಾತ್ರ ಪರಿಚಯ. ಒಂದು ಚಮಚ ಚೊಗರನ್ನು ನೀರಿನಲ್ಲಿ ತೆಳುಮಾಡಿ ಮೂರು ಗಾಜಿನ ಲೋಟಕ್ಕೆ ಸಮನಾಗಿ ಹಾಕಿಸಿ. ಒಂದರಲ್ಲಿ ತುಕ್ಕು ಹಿಡಿದ ಎರಡು ಮೊಳೆ, ಇನ್ನೊಂದರಲ್ಲಿ ಸ್ಟೀಲ್ ಚಮಚ, ಮೂರನೆಯದರಲ್ಲಿ ಏನೂ ಇಲ್ಲ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊಳೆಯ ಲೋಟ ಶಾಯಿಯಂತೆ ಕಪ್ಪಾಗಿರುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆದ ಬಣ್ಣ ಅದು. ಅಳಲೆಕಾಯಿಯ ರಸಕ್ಕೆ ಅನ್ನಭೇದಿ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ತತ್ವದ ಮೇಲೆ. ಗರಿಯನ್ನೋ ಕಡ್ಡಿಯನ್ನೋ ಅದ್ದಿ ಮಗು ತನ್ನ ಹೆಸರು ಬರೆಯಲಿ. ಒಂದು ಅಕ್ಷರದ ಮೇಲೆ ನಿಂಬೆರಸದ ಹನಿ ಬಿಡಲಿ, ಕಪ್ಪು ಮಾಸುತ್ತದೆ.

ಮೂರನೇ ಲೋಟ ಯಾಕೆ ಬೇಕಿತ್ತು ಎಂದು ಮಗು ಕೇಳಿದರೆ ಖುಷಿಪಡಿ. ಏನೂ ಹಾಕದ ಲೋಟ ಇಲ್ಲದಿದ್ದರೆ ‘ರಾತ್ರಿ ಇಟ್ಟಿದ್ದಕ್ಕೇ ಕಪ್ಪಾಯಿತು’ ಎಂದು ಯಾರಾದರೂ ವಾದಿಸಬಹುದು. ಒಂದನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲವನ್ನೂ ಹಾಗೇ ಇಟ್ಟು ನೋಡುವುದನ್ನು ಮಗು ಕಲಿತರೆ, ಪ್ರಯೋಗ ಎಂದರೇನು ಎಂಬುದರ ಮುಕ್ಕಾಲು ಪಾಲು ಕಲಿತಂತೆ. ಚೊಗರು ಇಲ್ಲದ ಮನೆಯಲ್ಲಿ ಹಾಲು ಹಾಕದ ಚಹಾದ ಡಿಕಾಕ್ಷನ್ ಸಾಕು. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಮೆಟ್ಟುಗತ್ತಿ ಯಾಕೆ ಕಪ್ಪಾಗುತ್ತದೆ, ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ನೆಲ್ಲಿಕಾಯಿ ಯಾಕೆ ಕಪ್ಪಾಗುತ್ತದೆ ಎಂದು ಅಮ್ಮ ಕೇಳಿದರೆ ಮಾತು ಇನ್ನೂ ಮುಂದೆ ಹೋಗುತ್ತದೆ. ಸಾಗರದ ಕಡೆಯವರಿಗೆ ಇನ್ನೊಂದು ಅನುಕೂಲ: ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಸಹಜ ಬಣ್ಣ ಹಾಕುತ್ತದೆ, ಅದರಲ್ಲಿ ಅಡಿಕೆಯ ಚೊಗರೂ ಒಂದು. ಮನೆಯ ಲೋಟದಲ್ಲಿ ಕಂಡದ್ದು ಸೀರೆಯಾಗಿ, ಜುಬ್ಬವಾಗಿ ಮಾರುಕಟ್ಟೆಗೆ ಹೋಗುವುದನ್ನು ಮಕ್ಕಳು ತಿಳಿಯಬಹುದು.

ಬಣ್ಣದ ಮಾತು ಬಂದಾಗ ಅರಿಸಿನವನ್ನು ಬಿಡುವುದು ಹೇಗೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬಿದ್ದಕೂಡಲೇ ಕೆಂಪಾಗುವುದನ್ನು ಮಕ್ಕಳು ನೋಡಿರುತ್ತಾರೆ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುವುದನ್ನು ನೋಡಿರುವುದಿಲ್ಲ. ಅರಿಸಿನದ ನೀರಿನಲ್ಲಿ ಕಾಗದ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸಲು ಹೇಳಿ. ಕೆಂಪು ದಾಸವಾಳದ ಪಕಳೆಯನ್ನು ಬಿಳಿ ಕಾಗದಕ್ಕೆ ತಿಕ್ಕಿ ಇನ್ನೊಂದು ಬಗೆಯ ಪಟ್ಟಿ ಮಾಡಬಹುದು, ಅದು ಹುಳಿಗೆ ಕೆಂಗುಲಾಬಿಯಾಗುತ್ತದೆ, ಸೋಪಿನ ನೀರಿಗೆ ಹಸಿರಾಗುತ್ತದೆ. ಮಜ್ಜಿಗೆ, ಬೂದಿಯ ನೀರು, ಬಾವಿ ನೀರು, ಅಡುಗೆ ಸೋಡಾ, ಮುರುಗಲು ಹುಳಿ, ಹೀಗೆ ಸಿಕ್ಕಿದ್ದನ್ನೆಲ್ಲ ಮಗು ಪರೀಕ್ಷಿಸಲಿ. ತೋಟದ ಬೇರೆ ಬೇರೆ ಮೂಲೆಯ ಮಣ್ಣನ್ನೂ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಪಟ್ಟಿ ಅದ್ದಿ ನೋಡಲಿ. ನಮ್ಮದು ಮಳೆಗೆ ತೊಳೆದು ಹೋಗುವ ಹುಳಿಮಣ್ಣು. ಪಟ್ಟಿಯಲ್ಲಿ ಬಣ್ಣ ಸ್ಪಷ್ಟವಾಗಿ ಬದಲಾಗದೆಯೂ ಇರಬಹುದು. ‘ಏನೂ ಆಗಲಿಲ್ಲ’ ಎಂದು ಬರೆದಿಡುವುದೂ ಫಲಿತಾಂಶವೇ ಎಂದು ಮಗುವಿಗೆ ಹೇಳಿಕೊಡಿ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮಳೆ ಅಳೆಯುವುದು. ಮೂರೂ ತಾಲ್ಲೂಕಿನ ಪ್ರತಿ ಮನೆಯಲ್ಲೂ ಆಗಬೇಕಾದದ್ದು ಇದು. ಎರಡು ಲೀಟರಿನ ನೇರ ಗೋಡೆಯ ಬಾಟಲಿ ತೆಗೆದುಕೊಂಡು ಮೇಲಿನ ಕತ್ತನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿದರೆ ಆಲಿಕೆಯಾಯಿತು. ತಳಕ್ಕೆ ನಾಲ್ಕು ಕಲ್ಲು ಹಾಕಿ, ಬಾಟಲಿಯ ಗೋಡೆ ನೇರವಾಗುವ ಜಾಗದವರೆಗೆ ನೀರು ತುಂಬಿ ಅಲ್ಲಿ ಗೆರೆ ಎಳೆಯಿರಿ, ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಶಾಲೆಯ ಸ್ಕೇಲಿಟ್ಟು ಮಿಲಿಮೀಟರ್ ಗುರುತು ಹಾಕಿದರೆ ಮಳೆಮಾಪಕ ಸಿದ್ಧ. ಸೂರಿನ ನೀರು, ಮರದ ಹನಿ, ನೆಲದಿಂದ ಸಿಡಿಯುವ ನೀರು ಬೀಳದಂತೆ ಅಂಗಳದ ನಡುವೆ ಒಂದು ಗೂಟಕ್ಕೆ ಕಟ್ಟಿ. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತಾರೆ, ಮಗುವೂ ಅದೇ ಹೊತ್ತಿಗೆ ನೋಡಲಿ. ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ದಿನಾಂಕದ ಮುಂದೆ ಬರೆದು, ಸೊನ್ನೆಯ ಗೆರೆಯವರೆಗೆ ಉಳಿಸಿ ಬಾಕಿ ಚೆಲ್ಲಬೇಕು. ಆಗುಂಬೆ, ಹುಲಿಕಲ್ ಕಡೆಯ ಮಕ್ಕಳು ಜೋರು ಮಳೆಯಲ್ಲಿ ಸಂಜೆಯೂ ಒಮ್ಮೆ ನೋಡಬೇಕಾದೀತು, ಇಲ್ಲದಿದ್ದರೆ ಬಾಟಲಿ ತುಂಬಿ ಚೆಲ್ಲುತ್ತದೆ.

1 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ 1 ಲೀಟರ್ ನೀರು. ಆಷಾಢದಲ್ಲಿ ನಮಗೆ ದಿನಕ್ಕೆ 100 ಮಿಲಿಮೀಟರ್ ದೊಡ್ಡ ಸುದ್ದಿಯೇನಲ್ಲ. 10 ಮೀಟರ್ ಉದ್ದ, 10 ಮೀಟರ್ ಅಗಲದ ಮನೆಯ ಮಾಡಿನ ಮೇಲೆ ಅಂದು ಬಿದ್ದದ್ದು 10,000 ಲೀಟರ್. ಮಗು ಈ ಗುಣಾಕಾರವನ್ನು ತಾನೇ ಮಾಡಲಿ, ತನ್ನ ಮನೆಯ ಅಳತೆ ಹಿಡಿದು. ಅದೇ ಮನೆಯಲ್ಲಿ ಏಪ್ರಿಲ್‌ನಲ್ಲಿ ಬಾವಿ ತಳ ಕಂಡರೆ, ಆ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಅದು ಕೇಳುತ್ತದೆ. ಕೇಳಬೇಕು.

ಒಬ್ಬರ ಲೆಕ್ಕವನ್ನು ಇನ್ನೊಬ್ಬರದಕ್ಕೆ ಹೋಲಿಸಿದಾಗ ಇದರ ಬೆಲೆ ಇನ್ನೂ ಹೆಚ್ಚುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಘಟ್ಟದ ಅಂಚಿನಿಂದ ಮೂಡಣಕ್ಕೆ ಸರಿದಂತೆ ಅದು ಇಳಿಯುತ್ತ, ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲಿ ಅದರ ಕಾಲುಭಾಗವೂ ಉಳಿಯುವುದಿಲ್ಲ. ಕಡಲಿನಿಂದ ಬರುವ ಮೋಡ ಘಟ್ಟ ಹತ್ತಿ ತಣ್ಣಗಾಗಿ ಮೊದಲು ಸುರಿಯುವುದು ಅಂಚಿನಲ್ಲೇ. ಹೊಸನಗರದ ಅತ್ತೆಮನೆ, ತೀರ್ಥಹಳ್ಳಿಯ ಅಜ್ಜನಮನೆ, ಸಾಗರದ ಚಿಕ್ಕಮ್ಮನ ಮನೆ, ಹೀಗೆ ನೆಂಟರ ಮಕ್ಕಳು ಫೋನಿನಲ್ಲಿ ಅಂಕಿ ಹಂಚಿಕೊಂಡರೆ ಮೂಡಣಕ್ಕೆ ಮಳೆ ಇಳಿಯುತ್ತದೆಂಬ ಪಾಠಪುಸ್ತಕದ ಸಾಲು ಅವರ ಕೈಬರಹದಲ್ಲೇ ಮೂಡುತ್ತದೆ. ಅಜ್ಜ ಇದ್ದರೆ ನಕ್ಷತ್ರದ ಲೆಕ್ಕ ಕೇಳಿ. ಒಂದೊಂದು ಮಳೆ ನಕ್ಷತ್ರ 13-14 ದಿನ. ‘ಪುನರ್ವಸುವಿಗಿಂತ ಪುಷ್ಯವೇ ಜೋರು’ ಎಂದು ಅಜ್ಜ ಹೇಳಿದರೆ, ಮಗು ಪುಸ್ತಕ ತೆರೆದು ಕೂಡಿಸಿ ನೋಡಲಿ. ಅಜ್ಜನ ಮಾತು ನಿಜವಾದರೂ ಸಂತೋಷ, ಆಗದಿದ್ದರೂ ಸಂತೋಷ. ನಮ್ಮ ಕಡೆ ತಲೆಮಾರಿನಿಂದ ಮಳೆ ಲೆಕ್ಕ ಬರೆದಿಟ್ಟ ಕೃಷಿಕರ ಮನೆಗಳಿವೆ. ಅಂಥ ಪುಸ್ತಕ ನಿಮ್ಮ ಅಟ್ಟದ ಮೇಲಿದ್ದರೆ ಇಳಿಸಿ, ಮಗುವಿನ ಕೈಗೆ ಕೊಡಿ.

ಆ ಮಳೆಯ ನೀರು ಏನು ಮಾಡಬಲ್ಲದೆಂದು ತೋರಿಸಲು ಸೂರಿನ ಕೆಳಗೆ ಅಡಿಕೆ ಹಾಳೆಯ ತುಂಡುಗಳನ್ನು ಬಾಳೆದಿಂಡಿಗೆ ಸಿಕ್ಕಿಸಿ ಒಂದು ನೀರಚಕ್ರ ಮಾಡಿಸಿ. ದಂಬೆಯ ನೀರಿಗೆ ಒಂದು ಅಡಿ ಕೆಳಗೆ ಹಿಡಿದಾಗ ಎಷ್ಟು ಸುತ್ತು, ನಾಲ್ಕು ಅಡಿ ಕೆಳಗೆ ಹಿಡಿದಾಗ ಎಷ್ಟು ಸುತ್ತು, ಮಗು ಎಣಿಸಲಿ. ಇದೇ ಕೆಲಸವನ್ನು ದೊಡ್ಡದಾಗಿ ಮಾಡುವ ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ದಾಟಿ ಸಾಗರದ ಲಿಂಗನಮಕ್ಕಿ ಅಣೆಕಟ್ಟಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದೆ ಜೋಗದ 253 ಮೀಟರ್ ಆಳ. ಎತ್ತರದಿಂದ ಬೀಳುವ ನೀರು ಚಕ್ರ ತಿರುಗಿಸುತ್ತದೆ ಎಂಬ ಇದೇ ಲೆಕ್ಕದ ಮೇಲೆ ಶರಾವತಿ ವಿದ್ಯುದಾಗಾರದ 1,035 ಮೆಗಾವಾಟ್ ನಿಂತಿದೆ. 1964ರಲ್ಲಿ ಮುಗಿದ ಆ ಅಣೆಕಟ್ಟಿಗಾಗಿ ಹೊಸನಗರ, ಸಾಗರದ ಎಷ್ಟೋ ಮನೆಗಳು ಮುಳುಗಿದವು. ಮುಳುಗಡೆಯ ಆ ಸಂಗತಿಯನ್ನೂ ಚಕ್ರ ತಿರುಗುವಾಗಲೇ ಮಕ್ಕಳಿಗೆ ಹೇಳಿ.

ಮೊಸರಿನ ಪ್ರಯೋಗ ಸಣ್ಣದು, ಆದರೆ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಒಂದೇ ಹಾಲು, ಒಂದೇ ಅಳತೆಯ ಹೆಪ್ಪು, ಮೂರು ಬಟ್ಟಲು. ಒಂದು ಒಲೆಕಟ್ಟೆಯ ಬೆಚ್ಚಗಿನ ಮೂಲೆಯಲ್ಲಿ, ಒಂದು ಜಗಲಿಯಲ್ಲಿ, ಒಂದು ಫ್ರಿಜ್ಜಿನಲ್ಲಿ. ಎರಡು ಗಂಟೆಗೊಮ್ಮೆ ಬಟ್ಟಲನ್ನು ವಾಲಿಸಿ ನೋಡಿ ಬರೆಯುವುದಷ್ಟೇ ಕೆಲಸ. ಹೆಪ್ಪಿನೊಳಗಿನ ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ ಜಾಗ ಬೇಕೆಂಬುದನ್ನು ಮಗು ಸಂಜೆಯೊಳಗೆ ತಾನೇ ಹೇಳುತ್ತದೆ. ಇನ್ನೂ ಸಣ್ಣದು ಬೇಕೆಂದರೆ, ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ನಡುವೆ ಅಂಟುವಾಳದ ನೊರೆ ಮುಟ್ಟಿಸಿದಾಗ ಪುಡಿ ದಡಕ್ಕೆ ಓಡುವುದನ್ನು ಐದು ನಿಮಿಷದಲ್ಲಿ ತೋರಿಸಬಹುದು. ಆಮೇಲೆ ಸೀಗೆ, ಸೋಪು, ಎಣ್ಣೆ ಯಾವುದು ಹೇಗೆ ಎಂದು ಹೋಲಿಸುವ ಕೆಲಸ ಮಗುವಿಗೇ ಬಿಡಿ.

ಮೊಬೈಲಿನಲ್ಲಿ ನೋಡಿ ಮಾಡುವ ಅಡುಗೆ ಸೋಡಾದ ಜ್ವಾಲಾಮುಖಿಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ನೊರೆ ಉಕ್ಕುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಸೋಡಾ ಇಮ್ಮಡಿ ಮಾಡಿದರೆ ನೊರೆ ಇಮ್ಮಡಿಯಾಗುತ್ತದೆಯೇ ಎಂದು ಕೇಳಿದರೆ ಮಾತ್ರ ಅದು ಪ್ರಯೋಗ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಪ್ಪ-ಅಮ್ಮ ರಾತ್ರಿಯಿಡೀ ಕೂತು ಥರ್ಮಾಕೋಲ್ ಮಾದರಿ ಮಾಡಿಕೊಡುವ ಪದ್ಧತಿಯಂತೂ ದಯವಿಟ್ಟು ನಿಲ್ಲಲಿ. ಬಹುಮಾನ ಬರಬಹುದು, ಮಗುವಿಗೆ ಏನೂ ಬರುವುದಿಲ್ಲ. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮೂರಿನದೇ ಸಮಸ್ಯೆ ಹಿಡಿದು ಅಧ್ಯಯನ ಮಾಡಬೇಕೆಂಬುದು ಅದರ ನಿಯಮ. ಕರ್ನಾಟಕದಲ್ಲಿ ಅದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಒಂದು ಮಳೆಗಾಲದ ನಾಲ್ಕು ಮನೆಗಳ ಮಳೆಪುಸ್ತಕ ಅಲ್ಲಿ ಯಾವ ಥರ್ಮಾಕೋಲಿಗಿಂತಲೂ ತೂಕದ್ದು. ಓದಿಗೆ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳು ಶಾಲೆಯ ಬೀರುವಿನಲ್ಲಿದ್ದರೆ ಕೇಳಿ ಪಡೆಯಿರಿ. ಶಿವರಾಮ ಕಾರಂತರು ಕನ್ನಡದ ಮಕ್ಕಳಿಗಾಗಿ ಒಬ್ಬರೇ ಕೂತು ಬರೆದ ‘ಬಾಲ ಪ್ರಪಂಚ’ ಗ್ರಂಥಾಲಯದಲ್ಲಿ ಸಿಕ್ಕರೆ ಅದನ್ನೂ ಕೊಡಿ.

ಹೆದರಬೇಕಾದಲ್ಲಿ ಹೆದರಲೇಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ತಕ್ಷಣ ಬಹಳ ಹೊತ್ತು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಹಾಗಾಗಿ ಅರಿಸಿನದ ಪ್ರಯೋಗಕ್ಕೆ ಎಲೆಗೆ ಹಚ್ಚುವಷ್ಟೇ ಸುಣ್ಣ, ಅದೂ ದೊಡ್ಡವರ ಎದುರಿಗೆ. ಪ್ರಯೋಗಕ್ಕೆ ಬಳಸಿದ್ದನ್ನು ಯಾರೂ ರುಚಿ ನೋಡಬಾರದು. ಕರೆಂಟಿನ ಪ್ಲಗ್ಗು, ತುಂಬಿದ ಹಳ್ಳ, ಕಟ್ಟೆಯಿಲ್ಲದ ಬಾವಿ, ಗೇರುಬೀಜದ ಸಿಪ್ಪೆ ಸುಡುವುದು, ಇವು ಯಾವುವೂ ಮಕ್ಕಳ ಪ್ರಯೋಗಕ್ಕೆ ಬೇಡ.

ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. ಆಗ ‘ಸುಮ್ನಿರು, ಅದೆಲ್ಲ ಈಗ ಯಾಕೆ’ ಎನ್ನಬೇಡಿ. ‘ನಂಗೂ ಗೊತ್ತಿಲ್ಲ, ಮಾಡಿ ನೋಡಾಣ’ ಎನ್ನಿ. ಕುಪ್ಪಳಿಯ ಮಣ್ಣಿನಲ್ಲಿ ಬೆಳೆದ ಕುವೆಂಪು ಬದುಕಿಡೀ ವಿಚಾರ ಮಾಡಿ ಎಂದು ಹೇಳಿದ ನಾಡು ಇದು. ಅವರ ಹೆಸರನ್ನು ಶಾಲೆಗೆ, ರಂಗಮಂದಿರಕ್ಕೆ ಇಟ್ಟಿದ್ದೇವೆ. ಕೇಳುವ ಮಗುವಿಗೆ ಮನೆಯಲ್ಲಿ ಜಾಗ ಕೊಡುವುದು ಇನ್ನೂ ಬಾಕಿ ಇದೆ.

ಶಾಲೆಯ ಮೇಷ್ಟ್ರು, ಟೀಚರ್‌ಗಳಿಗೂ ಒಂದು ವಿನಂತಿ: ಮಳೆರಜೆ ಮುಗಿಸಿ ಬಂದ ದಿನ ಮಕ್ಕಳ ಅಂಕಿಗಳನ್ನು ಕರಿಹಲಗೆಯ ಮೇಲೆ ಊರುವಾರು ಬರೆಸಿ. ಮನೆಯವರಲ್ಲಿ ಕೇಳುವುದಿಷ್ಟು: ಈ ವಾರವೇ ಒಂದು ನೂರು ಪುಟದ ನೋಟ್‌ಪುಸ್ತಕ ತಂದುಕೊಡಿ, ಬಾಟಲಿಯನ್ನು ಅಂಗಳದಲ್ಲಿ ನಿಲ್ಲಿಸಲು ಗೂಟ ಹುಗಿದುಕೊಡಿ, ಮೊದಲ ಔಷಧಿ ಹೊಡೆಯುವ ದಿನ ಮಗುವನ್ನು ಕರೆದು ಕತ್ತಿಯ ಅಲಗು ತೋರಿಸಿ. ಮೈಲುತುತ್ತದ ಡಬ್ಬಿಗೆ ಮಾತ್ರ ಬೀಗ ಹಾಕಿಡಿ.

ಇತಿ,
ನಿಮ್ಮ ಸೀಮೆಯವನೇ ಆದ ಒಬ್ಬ ವಿಜ್ಞಾನದ ಮೇಷ್ಟ್ರು